ಮೋಜೊ ವಿಡಿಯೋಗಳು ಮಕ್ಕಳಿಗೆ ಇಷ್ಟ ಆಗುತ್ತೆ, ಆದ್ರೆ ಅಸಲಿ ಕೆಲಸ ಟಿವಿ ಆಫ್ ಆದ್ಮೇಲೆ: ಕ್ಲಾಸ್‌ಡೋಜೋ ಗ್ರೋತ್ ಮೈಂಡ್‌ಸೆಟ್ ಸರಣಿ ಬಗ್ಗೆ ಒಬ್ಬ ಟೀಚರ್ ರಿವ್ಯೂ

ಮೊದ್ಲೇ ವಿಷಯ ಹೇಳ್ಬಿಡ್ತೀನಿ. ಕ್ಲಾಸ್‌ಡೋಜೋ ಅನ್ನೋ ಆ್ಯಪ್‌ನವರು ಮಾಡಿರೋ ಗ್ರೋತ್ ಮೈಂಡ್‌ಸೆಟ್ (ಬುದ್ಧಿ ಕಲೀತಾ ಕಲೀತಾ ಬೆಳೆಯುತ್ತೆ ಅನ್ನೋ ನಂಬಿಕೆ) ವಿಡಿಯೋ ಸರಣಿ, ಅದೇ ಮೋಜೊ ಅನ್ನೋ ಹಸಿರು ಮಾನ್‌ಸ್ಟರ್ ಇರೋದು, ಚೆನ್ನಾಗಿದೆ. ದುಡ್ಡು ಕೊಡಬೇಕಿಲ್ಲ, ಪ್ರೈಮರಿ ಮಕ್ಕಳಿಗೆ ಧೈರ್ಯವಾಗಿ ತೋರಿಸ್ಬಹುದು. ಆದ್ರೆ ವಿಡಿಯೋ ಹಾಕಿ, ಮಕ್ಕಳು ಚಪ್ಪಾಳೆ ಹೊಡೆದ್ರು ಅಂತ ಖುಷಿ ಪಟ್ಟು, ಸೀದಾ ಮುಂದಿನ ಪಾಠಕ್ಕೆ ಹೋಗ್ಬಿಟ್ರೆ ಅದರಿಂದ ಏನೂ ಆಗಲ್ಲ. ಮಗು ತಪ್ಪು ಮಾಡಿರೋ ಲೆಕ್ಕದ ಪಕ್ಕ ನಾವು ಕೂತು ಏನು ಮಾಡ್ತೀವಿ ಅನ್ನೋದರಲ್ಲೇ ಎಲ್ಲಾ ಇರೋದು. ವಿಡಿಯೋಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ, ಉಳಿದ ಒಂದೂವರೆ ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ಕ್ಲಾಸ್ ನೋಡ್ಕೋತೀನಿ. ನಮ್ಮ ಕಡೆ ಈ ವಿಷಯ ಯಾಕೆ ಇಷ್ಟು ಮುಖ್ಯ ಅಂದ್ರೆ, ನಮ್ಮ ಮಕ್ಕಳು ಮೂರನೇ ಕ್ಲಾಸ್‌ವರೆಗೂ ನಲಿ-ಕಲಿಯಲ್ಲಿ ಇರ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಅದು. ಅಲ್ಲಿ ಕಲಿಕಾ ಏಣಿ ಇರುತ್ತೆ, ಕಾರ್ಡ್ ಇರುತ್ತೆ, ಮಗು ತನ್ನ ಮೆಟ್ಟಿಲಲ್ಲಿ ತಾನು ಹತ್ಕೊಂಡು ಹೋಗುತ್ತೆ, ಪಕ್ಕದವಳು ನಾಲ್ಕು ಮೆಟ್ಟಿಲು ಮುಂದೆ ಇದ್ರೂ ಯಾರೂ ಏನೂ ಅನ್ನಲ್ಲ. ನಾಲ್ಕನೇ ಕ್ಲಾಸ್‌ಗೆ ಕಾಲಿಟ್ಟ ತಕ್ಷಣ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ದಿನ ಒಂದೇ ಪಾಠ, ಎಫ್‌ಎ ಒನ್ನು, ಎಫ್‌ಎ ಟೂ, ಎಸ್‌ಎ ಒನ್ನು ಅಂತ ಪರೀಕ್ಷೆಗಳು, ಗ್ರೇಡು. ಜೂನ್‌ನಲ್ಲಿ ನಗ್ತಾ ಬಂದ ಮಗು ದಸರಾ ರಜೆ ಹೊತ್ತಿಗೆ "ಮಿಸ್, ನಂಗೆ ಲೆಕ್ಕ ಬರಲ್ಲ" ಅನ್ನೋಕೆ ಶುರು ಮಾಡಿರುತ್ತೆ. "ಈ ಲೆಕ್ಕ ಬರಲ್ಲ" ಅಂತಲ್ಲ, "ಲೆಕ್ಕ ಬರಲ್ಲ" ಅಂತ, ಹುಟ್ಟಾ ಬಂದ ಕಾಯಿಲೆ ಥರ. ಒಂಬತ್ತು ವರ್ಷದ ಮಗು ತನ್ನ ಬಗ್ಗೆ ತಾನೇ ತೀರ್ಪು ಕೊಟ್ಕೊಂಡು ಕೂತ್ಬಿಡುತ್ತಲ್ಲ, ಅದನ್ನ ನೋಡೋಕಾಗಲ್ಲ. ಇದಕ್ಕೇ ನಾನು ಈ ವಿಡಿಯೋ ಹುಡುಕ್ಕೊಂಡು ಹೋಗಿದ್ದು.

ಈ ಗ್ರೋತ್ ಮೈಂಡ್‌ಸೆಟ್ ಅನ್ನೋ ಮಾತು ಅಮೆರಿಕಾದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವರದ್ದು. ಬುದ್ಧಿ ಅನ್ನೋದು ಹುಟ್ಟುವಾಗ ಅಳೆದು ಕೊಟ್ಟಿರೋ ಸೇರು ಪಾವು ಅಂತ ನಂಬೋ ಮಗುವೇ ಬೇರೆ, ಕಲೀತಾ ಕಲೀತಾ ಬೆಳೆಯುತ್ತೆ ಅಂತ ನಂಬೋ ಮಗುವೇ ಬೇರೆ, ಕಷ್ಟದ ಲೆಕ್ಕ ಎದುರು ಬಂದಾಗ ಇಬ್ರೂ ನಡ್ಕೊಳ್ಳೋ ರೀತಿ ಬೇರೆ ಅನ್ನೋದು ಅವರ ವಾದ. 1998ರಲ್ಲಿ ಅವರು ಮತ್ತು ಕ್ಲಾಡಿಯಾ ಮುಲ್ಲರ್ ಐದನೇ ಕ್ಲಾಸ್ ಮಕ್ಕಳ ಮೇಲೆ ಮಾಡಿದ ಪ್ರಯೋಗ ತುಂಬಾ ಹೆಸರುವಾಸಿ, ಅದನ್ನ ನಾನು ನಮ್ಮ ಕ್ಲಸ್ಟರ್ ಮೀಟಿಂಗಲ್ಲೂ ಹೇಳಿದ್ದೀನಿ. ಮಕ್ಕಳಿಗೆ ಮೊದ್ಲು ಸುಲಭದ ಚಿತ್ರ-ಒಗಟು ಕೊಟ್ರು, ಎಲ್ಲರೂ ಮಾಡಿದ್ರು. ಆಮೇಲೆ ಕೆಲವರಿಗೆ "ನೀನು ತುಂಬಾ ಬುದ್ಧಿವಂತ ಇರ್ಬೇಕು" ಅಂದ್ರು, ಕೆಲವರಿಗೆ "ತುಂಬಾ ಕಷ್ಟಪಟ್ಟು ಮಾಡಿರ್ಬೇಕು" ಅಂದ್ರು. ಅಷ್ಟೇ ವ್ಯತ್ಯಾಸ, ಒಂದು ವಾಕ್ಯ. ಆಮೇಲೆ ಬೇಕಂತಲೇ ತೀರಾ ಕಷ್ಟದ್ದು ಕೊಟ್ರು, ಎಲ್ಲರೂ ಸೋತ್ರು. ಮೂರನೇ ಸಲ ಮತ್ತೆ ಮೊದಲಿನ ಥರದ್ದೇ ಕೊಟ್ಟಾಗ ಬುದ್ಧಿವಂತ ಅನ್ನಿಸ್ಕೊಂಡ ಮಕ್ಕಳು ಮೊದಲಿಗಿಂತ ಕೆಟ್ಟದಾಗಿ ಮಾಡಿದ್ರು, ಕಷ್ಟಪಟ್ಟೆ ಅನ್ನಿಸ್ಕೊಂಡವರು ಮೊದಲಿಗಿಂತ ಚೆನ್ನಾಗಿ ಮಾಡಿದ್ರು. ನನಗೆ ಎದೆಗೆ ನಾಟಿದ್ದು ಕೊನೆಯ ಭಾಗ. ನಿನಗೆಷ್ಟು ಸರಿ ಬಂತು ಅಂತ ಬೇರೆ ಸ್ಕೂಲಿನ, ಮುಖ ನೋಡದ ಮಗುವಿಗೆ ಬರೆದು ತಿಳಿಸು ಅಂದ್ರೆ ಬುದ್ಧಿವಂತ ಅನ್ನಿಸ್ಕೊಂಡವರಲ್ಲಿ ಶೇ. 38 ಮಕ್ಕಳು ತಮ್ಮ ಅಂಕ ಸುಳ್ಳು ಬರೆದ್ರು, ಇನ್ನೊಂದು ಗುಂಪಲ್ಲಿ ಶೇ. 13. ಜಾಣ ಜಾಣ ಅಂತ ಹೊಗಳಿ ಹೊಗಳಿ ನಾವು ಮಗುವಿನ ತಲೆ ಮೇಲೆ ಎಂಥ ಭಾರ ಹೊರಿಸ್ತೀವಿ ನೋಡಿ, ಆ ಹೆಸರು ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ಬೇಕಾಗುತ್ತೆ.

ಇನ್ನು ವಿಡಿಯೋ ವಿಷಯ. ಕ್ಲಾಸ್‌ಡೋಜೋ ಅನ್ನೋದು 2011ರಲ್ಲಿ ಶುರುವಾದ ಟೀಚರ್-ಪೇರೆಂಟ್ ಆ್ಯಪ್. 2016ರ ಜನವರಿಯಲ್ಲಿ ಇವರು ಸ್ಟ್ಯಾನ್‌ಫರ್ಡ್‌ನ ಪರ್ಟ್ಸ್ ಅನ್ನೋ ಸಂಶೋಧನಾ ಕೇಂದ್ರದ ಜೊತೆ ಸೇರಿ ಈ ಸರಣಿ ತಂದ್ರು. ಐದು ಕಂತು, ಒಂದೊಂದು ಎರಡು ಮೂರು ನಿಮಿಷದ್ದು, ಪ್ರತಿ ಕಂತಿಗೂ ಮಕ್ಕಳ ಜೊತೆ ಏನು ಮಾತಾಡ್ಬೇಕು ಅನ್ನೋ ಪ್ರಶ್ನೆಗಳೂ ಇವೆ. ಮೊದಲ ಕಂತಲ್ಲಿ ಮೋಜೊಗೆ ಲೆಕ್ಕ ಬರದೆ ನಾನು ದಡ್ಡ, ನಂಗೆ ಸ್ಕೂಲೇ ಬೇಡ ಅಂತ ಹೊರಟುಬಿಡ್ತಾನೆ, ಅವನ ಗೆಳತಿ ಕೇಟಿ ತಡೆದು ಮೆದುಳಿನ ಗುಟ್ಟು ಹೇಳ್ತಾಳೆ, ಬಳಸಿದಷ್ಟೂ ಗಟ್ಟಿಯಾಗುತ್ತೆ ಅಂತ. ಎರಡನೇದು ತಪ್ಪುಗಳ ಬಗ್ಗೆ, ಮೂರನೇದು ಬರಲ್ಲ ಅನ್ನೋ ಕಡೆ ಇನ್ನೂ ಬಂದಿಲ್ಲ ಅನ್ನೋದರ ಬಗ್ಗೆ, ನಾಲ್ಕನೇದು ಮೆದುಳಿನ ಒಳಗೆ ನ್ಯೂರಾನ್‌ಗಳು ಹೇಗೆ ಒಂದಕ್ಕೊಂದು ಜೋಡಣೆ ಆಗ್ತವೆ ಅಂತ, ಐದನೇದು ಸ್ವಲ್ಪ ಸ್ವಲ್ಪವಾಗಿ ಮುಂದೆ ಹೋಗೋದು. ಚಿತ್ರ ಚೊಕ್ಕವಾಗಿದೆ, ಗಲಾಟೆ ಮ್ಯೂಸಿಕ್ ಇಲ್ಲ, ಎರಡೇ ನಿಮಿಷ ಆದ್ದರಿಂದ ಹಿಂದಿನ ಬೆಂಚಿನವರೂ ನೋಡಿ ಮುಗಿಸ್ತಾರೆ.

ನಾನು ತೋರಿಸಿದ್ದು ಇಂಗ್ಲಿಷ್ ವಿಡಿಯೋ, ನಮ್ಮದು ಕನ್ನಡ ಮೀಡಿಯಂ. ಇದರಿಂದ ಕಷ್ಟ ಆಗುತ್ತಾ ಅಂದ್ರೆ ಅಷ್ಟೇನಿಲ್ಲ, ಒಂದು ಕೆಲಸ ಮಾಡಿ, ಮೊದ್ಲು ಸೌಂಡ್ ಪೂರ್ತಿ ಕಮ್ಮಿ ಮಾಡಿ ಒಂದ್ಸಲ ಹಾಕಿ. ಮಕ್ಕಳನ್ನೇ ಕೇಳಿ, ಈ ಹಸಿರು ಪ್ರಾಣಿ ಯಾಕೆ ಸಪ್ಪಗಿದೆ, ಎಲ್ಲಿಗೆ ಹೊರಟಿದೆ, ಆ ಹುಡುಗಿ ಏನು ಹೇಳಿರ್ಬಹುದು ಅಂತ. ನಮ್ಮ ಮಕ್ಕಳು ಹೇಳೋ ಡೈಲಾಗ್ ಕೇಳ್ಬೇಕು ನೀವು. "ಅವ್ನಿಗೆ ಮಗ್ಗಿ ಬಂದಿಲ್ಲ ಮಿಸ್, ಅದ್ಕೆ ಸ್ಕೂಲ್ ಬಿಟ್ಟು ಕುರಿ ಕಾಯೋಕೆ ಹೋಗ್ತಾವ್ನೆ" ಅಂದ ಒಬ್ಬ. ಇನ್ನೊಬ್ಳು "ಅವ್ಳು, ಬಾರೋ ನಾನ್ ಹೇಳ್ಕೊಡ್ತೀನಿ ಅಂತಾವ್ಳೆ" ಅಂದ್ಳು. ಕಥೆ ಅರ್ಥ ಆಗೋಯ್ತು ಅಲ್ಲಿಗೆ. ಎರಡನೇ ಸಲ ಸೌಂಡ್ ಇಟ್ಟು, ಮಧ್ಯೆ ಮಧ್ಯೆ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳ್ತಾ ಹೋದೆ. ಇಪ್ಪತ್ತು ನಿಮಿಷದ ಒಳಗೆ ಒಂದು ಕಂತು ಆರಾಮಾಗಿ ಆಗುತ್ತೆ, ಸ್ಮಾರ್ಟ್ ಟಿವಿ ಇಲ್ಲದ ಕಡೆ ಒಂದು ಲ್ಯಾಪ್‌ಟಾಪ್ ಇದ್ರೂ ಸಾಕು, ಮಕ್ಕಳನ್ನ ಎರಡು ಗುಂಪು ಮಾಡಿ ತೋರಿಸಿ.

ಎಲ್ಲಕ್ಕಿಂತ ಚೆನ್ನಾಗಿರೋದು ನಾಲ್ಕನೇ ಕಂತು, ನ್ಯೂರಾನ್‌ದು. ಮೊದಲ ಕಂತಲ್ಲಿ ಮೆದುಳನ್ನ ಮಾಂಸಖಂಡಕ್ಕೆ ಹೋಲಿಸ್ತಾರೆ, ಮಕ್ಕಳಿಗೆ ಥಟ್ ಅಂತ ಹಿಡಿಯುತ್ತೆ ನಿಜ, ಆದ್ರೆ ಮೆದುಳು ಮಾಂಸಖಂಡ ಅಲ್ಲ ಅಂತ ಐದನೇ ಕ್ಲಾಸಿನವರಿಗೆ ಹೇಳ್ಲೇಬೇಕು. ಒಬ್ಬ ಹುಡುಗ "ಹಂಗಾದ್ರೆ ಜಾಸ್ತಿ ಓದಿದ್ರೆ ತಲೆ ದಪ್ಪ ಆಗುತ್ತಾ ಮಿಸ್" ಅಂತ ಕೇಳ್ದ, ಒಳ್ಳೇ ಪ್ರಶ್ನೆ, ಹಂಗೆ ಹೋಲಿಸಿದ್ರೆ ಹಂಗೇ ತಾನೇ ಅನ್ಸೋದು. ನಾಲ್ಕನೇ ಕಂತು ತೋರಿಸಿ, ಹೊಸದು ಕಲಿತಾಗ ನರಕೋಶಗಳ ನಡುವಿನ ಜೋಡಣೆ ಗಟ್ಟಿಯಾಗುತ್ತೆ, ಮತ್ತೆ ಮತ್ತೆ ಮಾಡಿದಾಗ ಸಂದೇಶ ಸಲೀಸಾಗಿ ಓಡಾಡುತ್ತೆ ಅಂತ ವಿವರಿಸಿದ ಮೇಲೆ ಸಮಾಧಾನ ಆಯ್ತು ಅವನಿಗೆ. ಆಮೇಲೆ ಹೊಲದ ಬದುವಿನ ಮೇಲೆ ದಿನಾ ಓಡಾಡಿದ್ರೆ ಕಾಲುದಾರಿ ಬೀಳುತ್ತಲ್ಲ ಹಂಗೆ ಅಂತ ಅವನೇ ಹೇಳ್ದ, ಇದು ಮಾಂಸಖಂಡಕ್ಕಿಂತ ಎಷ್ಟೋ ಸರಿಯಾದ ಹೋಲಿಕೆ, ನಾನು ಇನ್ಮೇಲೆ ಅದನ್ನೇ ಹೇಳೋದು.

ಈಗ ಕಟ್ ಮಾಡಿದ ಒಂದೂವರೆ ಸ್ಟಾರ್ ವಿಷಯ. ವಿಡಿಯೋ ಮಗುವಿಗೆ "ಬಿಡಬೇಡ, ಮತ್ತೆ ಟ್ರೈ ಮಾಡು" ಅಂತ ಚೆನ್ನಾಗಿ ಹೇಳುತ್ತೆ. ಹೇಗೆ ಟ್ರೈ ಮಾಡ್ಬೇಕು ಅನ್ನೋದು ಅದರಲ್ಲಿ ಕಮ್ಮಿ. ಬರೀ ಟ್ರೈ ಮಾಡು ಟ್ರೈ ಮಾಡು ಅಂದ್ರೆ ಮಗು ಅದೇ ತಪ್ಪನ್ನ ಇನ್ನೂ ಗಟ್ಟಿಯಾಗಿ ಕಲಿಯುತ್ತೆ. ನಮ್ಮ ಕ್ಲಾಸಿನದ್ದೇ ಒಂದು ಉದಾಹರಣೆ ಹೇಳ್ತೀನಿ, ಪ್ರೈಮರಿ ಟೀಚರ್ಸ್ ಎಲ್ಲರಿಗೂ ಇದು ಗೊತ್ತಿರೋದೇ. ನಾಲ್ಕನೇ ಕ್ಲಾಸ್ ಹುಡುಗಿ, 52ರಲ್ಲಿ 27 ಕಳಿ ಅಂದ್ರೆ 35 ಅಂತ ಬರೀತಾಳೆ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗಲ್ವಲ್ಲ, ಅದಕ್ಕೆ ತಿರುಗಿಸಿ 7ರಲ್ಲಿ 2 ಕಳೆದು 5 ಅಂತಾಳೆ, ದಶಕದಲ್ಲಿ 5ರಲ್ಲಿ 2 ಹೋದ್ರೆ 3. ಈ ಮಗು ಸೋಮಾರಿ ಅಲ್ಲ, ಪುಟ ತುಂಬಾ ಲೆಕ್ಕ ಮಾಡಿದ್ದಾಳೆ, ಎಲ್ಲಾ ಹಿಂಗೇ ಮಾಡಿದ್ದಾಳೆ. ಇವಳಿಗೆ ಹೋಗಿ "ಇನ್ನೂ ಪ್ರಯತ್ನ ಮಾಡು ಪುಟ್ಟಿ, ಆಗುತ್ತೆ" ಅಂದ್ರೆ ಇನ್ನೊಂದು ಪುಟ ಇದೇ ಥರ ತುಂಬಿಸ್ಕೊಂಡು ಬರ್ತಾಳೆ, ಅದೂ ಪೂರ್ತಿ ತಪ್ಪು, ಆಮೇಲೆ ಅವಳಿಗೆ ಗ್ಯಾರಂಟಿ ಆಗೋಗುತ್ತೆ, ಕಷ್ಟಪಟ್ರೂ ಬರಲಿಲ್ಲ ಅಂದ್ಮೇಲೆ ನಾನು ನಿಜವಾಗ್ಲೂ ದಡ್ಡಿ ಅಂತ.

ನಾನು ಮಾಡಿದ್ದು ಇಷ್ಟು. ಮೊದ್ಲು "ಇದನ್ನ ಹೇಗೆ ಮಾಡ್ದೆ, ನಂಗೆ ಹೇಳ್ಕೊಡು" ಅಂತ ಕೇಳ್ದೆ. ಬಾಯಲ್ಲಿ ಹೇಳುವಾಗ "ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಅಂತ ಹೇಳಿದ್ರಲ್ಲ ಮಿಸ್" ಅಂದ್ಳು. ನೋಡಿ, ಅವಳು ನಿಯಮ ಮರೆತಿಲ್ಲ, ನಿಯಮವನ್ನ ಎಲ್ಲಿ ಹಾಕ್ಬಾರ್ದೋ ಅಲ್ಲಿ ಹಾಕಿದ್ದಾಳೆ. ಆಮೇಲೆ ಗಣಿತ ಕಲಿಕಾ ಆಂದೋಲನದ ಕಿಟ್ ಬಹಳ ಶಾಲೆಗಳಲ್ಲಿ ಇದೆಯಲ್ಲ, ಅದರಲ್ಲಿರೋ ದಶಕದ ಪಟ್ಟಿ, ಬಿಡಿ ಘನ ತಗೊಂಡು ಐದು ಪಟ್ಟಿ ಎರಡು ಬಿಡಿ ಅವಳ ಮುಂದೆ ಇಟ್ಟೆ. "ಇದ್ರಲ್ಲಿ ಏಳು ಬಿಡಿ ನಂಗೆ ಕೊಡು" ಅಂದೆ. ಎರಡು ಕೊಟ್ಳು, ನಿಂತ್ಳು. ಪಟ್ಟಿ ನೋಡಿದ್ಳು, ನನ್ನ ಮುಖ ನೋಡಿದ್ಳು, ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಇದ್ನ ಚಿಲ್ಲರೆ ಮಾಡ್ಲಾ ಮಿಸ್" ಅಂದ್ಳು. ಒಂದು ಪಟ್ಟಿ ಕೊಟ್ಟು ಹತ್ತು ಬಿಡಿ ತಗೊಂಡು, ಹನ್ನೆರಡರಲ್ಲಿ ಏಳು ಕೊಟ್ಟು, ಐದು ಉಳಿಸ್ಕೊಂಡ್ಳು, ಮಿಕ್ಕ ನಾಲ್ಕು ಪಟ್ಟೀಲಿ ಎರಡು ಕೊಟ್ಟು 25 ಅಂದ್ಳು. ಪಕ್ಕದ ಮನೆಯಿಂದ ಸಾಲ ತಗೋ ಅಂತ ವರ್ಷಗಟ್ಟಲೆ ನಾವು ಬೋರ್ಡ್ ಮೇಲೆ ಹೇಳೋದಕ್ಕಿಂತ ಈ ಚಿಲ್ಲರೆ ಅನ್ನೋದು ಅವಳಿಗೆ ಹೆಚ್ಚು ಅರ್ಥ ಆಗಿತ್ತು, ಯಾಕಂದ್ರೆ ಅಂಗಡಿಗೆ ಹೋಗೋದು ಅವಳೇ. ಆವಾಗ ನಾನು ಹೇಳಿದ್ದು ಜಾಣೆ ಅಂತಲ್ಲ, "ಪಟ್ಟಿ ಒಡೆದು ಚಿಲ್ಲರೆ ಮಾಡ್ಬಹುದು ಅಂತ ನೀನೇ ಕಂಡುಹಿಡಿದೆ, ಅದ್ರಿಂದ ದಾರಿ ಸಿಕ್ತು" ಅಂತ. ಹೊಗಳಿಕೆ ಅಂದ್ರೆ ಮಗುವಿಗೆ ತಾನು ಏನು ಮಾಡಿದ್ರಿಂದ ಕೆಲಸ ಆಯ್ತು ಅಂತ ಗೊತ್ತಾಗ್ಬೇಕು, ನಾಳೆ ಅದನ್ನೇ ಮತ್ತೆ ಮಾಡೋಕಾಗ್ಬೇಕು.

ಡ್ವೆಕ್ ಅವರೂ 2015ರಲ್ಲಿ ಇದೇ ಮಾತು ಬರೆದಿದ್ದಾರೆ. ಗ್ರೋತ್ ಮೈಂಡ್‌ಸೆಟ್ ಅಂದ್ರೆ ಬರೀ ಪ್ರಯತ್ನ ಹೊಗಳೋದು ಅಂತ ತಿಳ್ಕೊಂಡುಬಿಟ್ಟಿದ್ದಾರೆ, ಕಲಿಯದೆ ಇರೋ ಮಗುವಿಗೆ ಪರವಾಗಿಲ್ಲ ಪ್ರಯತ್ನ ಮಾಡಿದ್ಯಲ್ಲ ಅಂತ ಸಮಾಧಾನ ಹೇಳೋಕೆ ಬಳಸ್ತಿದ್ದಾರೆ, ಅದು ಹಂಗಲ್ಲ, ಸಿಕ್ಕಿಬಿದ್ದಾಗ ಬೇರೆ ಉಪಾಯ ಹುಡುಕೋದು, ಸಹಾಯ ಕೇಳೋದು ಕೂಡ ಅದರಲ್ಲಿ ಬರುತ್ತೆ ಅಂತ. ವಿಡಿಯೋ ಮಾಡಿದವರು ಆರನೇ ಕಂತು ಒಂದು ಇದರ ಬಗ್ಗೆಯೇ ಮಾಡಿದ್ರೆ ನನ್ನ ಮಟ್ಟಿಗೆ ಸರಣಿ ಪೂರ್ತಿ ಆಗ್ತಿತ್ತು.

ಎರಡನೇ ಕಂತು, ತಪ್ಪುಗಳ ಬಗ್ಗೆ ಇರೋದು, ಅದನ್ನ ಉಕ್ತಲೇಖನದ ಜೊತೆ ಸೇರಿಸಿ ಬಳಸಿ ಅಂತ ಕನ್ನಡ ಟೀಚರ್ಸ್‌ಗೆ ಹೇಳ್ತೀನಿ. ತಪ್ಪು ಒಳ್ಳೇದು ತಪ್ಪು ಒಳ್ಳೇದು ಅಂತ ವಿಡಿಯೋಲಿ ಹೇಳಿ, ಆಮೇಲೆ ನಾವು ಕೆಂಪು ಪೆನ್ನಲ್ಲಿ ಅಡ್ಡ ಗೀಟು ಎಳೆದು ಹತ್ತಕ್ಕೆ ಆರು ಅಂತ ಹಾಕಿ ಕೊಟ್ರೆ ಮಕ್ಕಳು ಯಾವುದನ್ನ ನಂಬ್ತಾರೆ ಹೇಳಿ. ಒಬ್ಬ ಹುಡುಗ ಪುಸ್ತಕ ಅನ್ನೋದನ್ನ ಪುತ್ಸಕ, ರಸ್ತೆಯನ್ನ ರತ್ಸೆ, ಕಸ್ತೂರಿಯನ್ನ ಕತ್ಸೂರಿ, ಮಸ್ತಕವನ್ನ ಮತ್ಸಕ ಅಂತ ಬರೆದಿದ್ದ. ಅಂಕ ನೋಡಿದ್ರೆ ನಾಲ್ಕು ತಪ್ಪು. ಸರಿಯಾಗಿ ನೋಡಿದ್ರೆ ಒಂದೇ ತಪ್ಪು, ಮೇಲಿನ ಅಕ್ಷರ ಯಾವುದು ಒತ್ತು ಯಾವುದು ಅಂತ ಅದಲು ಬದಲು ಆಗ್ತಿದೆ, ಅಷ್ಟೇ. ಅದನ್ನ ಅವನಿಗೆ ಹೇಳಿದಾಗ ಅವನ ಮುಖ ನೋಡ್ಬೇಕಿತ್ತು, ನಾಲ್ಕು ರೋಗ ಅಂದ್ಕೊಂಡವನಿಗೆ ಒಂದೇ ಅಂತ ಗೊತ್ತಾಯ್ತು. ಮೊದ್ಲು ಬಾಯಲ್ಲಿ ಪು-ಸ್-ತ-ಕ ಅಂತ ಬಿಡಿಸಿ ಹೇಳು, ಮೊದಲು ಕೇಳಿದ್ದು ಮೇಲೆ, ಆಮೇಲೆ ಕೇಳಿದ್ದು ಕೆಳಗೆ ಅಂತ ಒಂದು ದಾರಿ ತೋರಿಸಿ, ಅದೇ ಪದಗಳನ್ನ ಎರಡು ದಿನ ಬಿಟ್ಟು ಮತ್ತೆ ಕೊಟ್ಟೆ. ಎರಡನೇ ಸಲದ ಅಂಕವನ್ನೇ ನೋಟ್‌ಬುಕ್ಕಲ್ಲಿ ಉಳಿಸ್ತೀನಿ ಅಂತ ಮೊದಲೇ ಹೇಳಿದ್ದೆ. ಈ ಒಂದು ಬದಲಾವಣೆ, ಸರಿ ಮಾಡ್ಕೊಂಡ್ರೆ ಅಂಕ ಏರುತ್ತೆ ಅನ್ನೋದು, ಐದು ವಿಡಿಯೋ ಸೇರಿ ಮಾಡೋದಕ್ಕಿಂತ ಜಾಸ್ತಿ ಕೆಲಸ ಮಾಡುತ್ತೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳು ತಿದ್ದಿ ಬರೆಯೋದನ್ನ ಶಿಕ್ಷೆ ಅಂದ್ಕೊಂಡಿರ್ತಾರೆ, ಐದು ಸಲ ಬರಿ ಹತ್ತು ಸಲ ಬರಿ ಅಂತ ನಾವೇ ಹಂಗೆ ಮಾಡಿಟ್ಟಿದ್ದೀವಿ.

ಇದೆಲ್ಲಾ ನನ್ನ ಕ್ಲಾಸ್ ಮಾತಾಯ್ತು, ದೊಡ್ಡ ಮಟ್ಟದಲ್ಲಿ ಇದು ಕೆಲಸ ಮಾಡುತ್ತಾ ಅಂತ ಕೇಳೋರಿಗೆ ನೇರವಾಗಿ ಹೇಳ್ತೀನಿ, ಪರಿಣಾಮ ಇದೆ ಆದ್ರೆ ಸಣ್ಣದು. 2018ರಲ್ಲಿ ಹತ್ತಾರು ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ ಸರಾಸರಿ ಪರಿಣಾಮ ತೀರಾ ಕಮ್ಮಿ ಬಂತು, ಕಷ್ಟದಲ್ಲಿರೋ, ಹಿಂದೆ ಉಳಿದಿರೋ ಮಕ್ಕಳಿಗೆ ಸ್ವಲ್ಪ ಹೆಚ್ಚು ಉಪಯೋಗ ಆಗ್ಬಹುದು ಅನ್ನೋ ಸೂಚನೆ ಇತ್ತು. 2019ರಲ್ಲಿ ಅಮೆರಿಕಾದಲ್ಲಿ ಒಂಬತ್ತನೇ ಕ್ಲಾಸಿನ 12,000ಕ್ಕೂ ಹೆಚ್ಚು ಮಕ್ಕಳ ಮೇಲೆ ಮಾಡಿದ ದೊಡ್ಡ ಪ್ರಯೋಗದಲ್ಲಿ, ಒಂದು ಗಂಟೆಗೂ ಕಮ್ಮಿ ಹೊತ್ತಿನ ಆನ್‌ಲೈನ್ ಪಾಠದಿಂದ, ಹಿಂದೆ ಉಳಿದ ಮಕ್ಕಳ ಗ್ರೇಡ್ ಸರಾಸರಿ 0.1 ಪಾಯಿಂಟ್ ಏರಿತು. ಇಷ್ಟು ಅಗ್ಗದ ಕೆಲಸಕ್ಕೆ ಇದು ಸಾಮಾನ್ಯ ಅಲ್ಲ. ಆದ್ರೆ ಅದೇ ವರ್ಷ ಇಂಗ್ಲೆಂಡಲ್ಲಿ 101 ಪ್ರೈಮರಿ ಶಾಲೆಗಳಲ್ಲಿ, ನಮ್ಮ ಐದನೇ ಕ್ಲಾಸ್ ವಯಸ್ಸಿನ ಮಕ್ಕಳಿಗೇ ಟೀಚರ್‌ಗಳಿಗೆ ಟ್ರೈನಿಂಗ್ ಕೊಟ್ಟು ಕಲಿಸಿದ ಕಾರ್ಯಕ್ರಮದ ವರದಿ ಬಂತು, ಲೆಕ್ಕದಲ್ಲೂ ಭಾಷೆಯಲ್ಲೂ ಬೇರೆ ಮಕ್ಕಳಿಗಿಂತ ಏನೂ ಹೆಚ್ಚು ಪ್ರಗತಿ ಕಾಣಲಿಲ್ಲ. ಹೋಲಿಕೆಗೆ ತಗೊಂಡ ಶಾಲೆಗಳಲ್ಲೂ ಎಷ್ಟೋ ಟೀಚರ್‌ಗಳು ಇದನ್ನ ಮೊದಲೇ ಬಳಸ್ತಿದ್ದರು ಅನ್ನೋದೂ ಒಂದು ಕಾರಣ ಇರ್ಬಹುದು ಅಂತ ಅವರೇ ಬರೆದಿದ್ದಾರೆ.

ನನಗೆ ಇದರಲ್ಲೆಲ್ಲಾ ಮುಖ್ಯ ಅನ್ಸಿದ್ದು 2022ರದ್ದು. ಅಮೆರಿಕಾದ ಆ ದೊಡ್ಡ ಪ್ರಯೋಗದ ಮಕ್ಕಳ ಗಣಿತದ ಟೀಚರ್‌ಗಳ ನಂಬಿಕೆ ಏನಿತ್ತು ಅಂತ ನೋಡಿದ್ರು. ಎಲ್ಲಾ ಮಕ್ಕಳೂ ಕಲೀಬಹುದು ಅಂತ ಟೀಚರ್ ಸ್ವತಃ ನಂಬಿದ್ದ ಕ್ಲಾಸಲ್ಲಿ ಮಕ್ಕಳ ಗಣಿತದ ಗ್ರೇಡ್ ಮೇಲೆ ಪರಿಣಾಮ ಕಂಡಿತು, ಕೆಲವರಿಗೆ ಮಾತ್ರ ಗಣಿತ ಒಲಿಯೋದು ಅಂತ ನಂಬಿದ್ದ ಟೀಚರ್ ಕ್ಲಾಸಲ್ಲಿ ಅದೇ ಪಾಠ ಕೇಳಿದ ಮಕ್ಕಳಿಗೆ ಏನೂ ಆಗಲಿಲ್ಲ. ಇದನ್ನ ಓದಿದ ಮೇಲೆ ನಂಗೆ ಸ್ಟಾಫ್ ರೂಮಿನ ಮಾತುಗಳೇ ಕಿವೀಲಿ ಗುಂಯ್ ಅನ್ನೋಕೆ ಶುರುವಾಯ್ತು. "ಆ ಮನೆ ಮಕ್ಕಳೇ ಹಂಗೆ ಬಿಡಿ, ಅವ್ರಪ್ಪನೂ ಹಿಂಗೇ ಇದ್ದ", "ಇವ್ನ ಹಣೇಲಿ ವಿದ್ಯೆ ಬರ್ದಿಲ್ಲ", "ಎಷ್ಟು ಹೇಳಿದ್ರೂ ಕೋಣನ ಮುಂದೆ ಕಿನ್ನರಿ". ಮಕ್ಕಳು ಹಾಜರಿ ಪುಸ್ತಕ ತರೋಕೆ ಒಳಗೆ ಬಂದಿರ್ತಾರೆ, ಕೇಳಿಸ್ಕೊಂಡಿರ್ತಾರೆ. ಮೋಜೊ ಬಂದು ಟಿವಿಯಲ್ಲಿ ಎಷ್ಟೇ ಕುಣಿದ್ರೂ ಈ ಮಾತನ್ನ ಅಳಿಸೋಕಾಗಲ್ಲ. ಆದ್ದರಿಂದ ಈ ವಿಡಿಯೋಗಳನ್ನ ಮೊದ್ಲು ನೋಡಬೇಕಾದವರು ನಾವು ಟೀಚರ್ಸು, ಹೆಡ್ ಮಾಸ್ಟರೂ ಸೇರಿ.

ಮನೆ ಕಡೆ ವಿಷಯಾನೂ ಇದೆ. ಪೋಷಕರ ಸಭೆಗೆ ಬರೋ ಅಮ್ಮಂದಿರು ಮಗು ಪಕ್ಕದಲ್ಲೇ ನಿಂತಿರುವಾಗ "ಇವ್ಳಿಗೆ ಓದು ಹತ್ತಲ್ಲ ಮೇಡಂ, ನೀವೇ ನಾಲ್ಕು ಬಾರಿಸಿ" ಅಂತಾರೆ. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ನಮ್ಮ ಹತ್ರ ವಿನಯ ತೋರಿಸೋ ರೀತಿ ಅದು. 2016ರ ಒಂದು ಅಧ್ಯಯನದಲ್ಲಿ ಕೈಲಾ ಹೈಮೋವಿಟ್ಜ್ ಮತ್ತು ಡ್ವೆಕ್ ಏನು ಕಂಡ್ರು ಅಂದ್ರೆ, ಅಪ್ಪ ಅಮ್ಮ ಬುದ್ಧಿ ಬಗ್ಗೆ ಏನು ನಂಬಿದ್ದಾರೆ ಅನ್ನೋದು ಮಕ್ಕಳಿಗೆ ಅಷ್ಟಾಗಿ ಕಾಣಲ್ಲ, ಮಗು ಸೋತಾಗ ಅವರು ಹೇಗೆ ನಡ್ಕೋತಾರೆ ಅನ್ನೋದು ಕಾಣುತ್ತೆ, ಮಗುವಿನ ನಂಬಿಕೆ ಅದರ ಮೇಲೆ ಕಟ್ಟಿಕೊಳ್ಳುತ್ತೆ ಅಂತ. ಇದು ನೂರಕ್ಕೆ ನೂರು ನಿಜ ಅನ್ಸುತ್ತೆ ನಂಗೆ. ಕಮ್ಮಿ ಅಂಕದ ಪೇಪರ್ ಮನೆಗೆ ಹೋದಾಗ ಅಮ್ಮನ ಮುಖ ಬಾಡೋದು, ಅಪ್ಪ ಮಾತು ಬಿಡೋದು, ಇಲ್ಲಾ "ಪರವಾಗಿಲ್ಲ ಬಿಡು, ನಮ್ಮ ವಂಶಕ್ಕೇ ಲೆಕ್ಕ ಬರಲ್ಲ" ಅಂತ ಅಜ್ಜಿ ತಲೆ ಸವರೋದು. ಅಜ್ಜಿ ಪ್ರೀತಿಯಿಂದ ಹೇಳಿದ್ದು, ಆದ್ರೆ ಮಗುವಿಗೆ ಸೇರೋದು ವಂಶದ ಸಾಲ. ನಾನು ಈಗ ಪೋಷಕರಿಗೆ ಕೇಳ್ಕೊಳ್ಳೋದು ಒಂದೇ, ಪೇಪರ್ ನೋಡಿ "ಇದ್ರಲ್ಲಿ ಯಾವ್ದು ಸಿಕ್ಕಿಹಾಕ್ಕೊಂಡೆ, ಟೀಚರ್ ಹತ್ರ ಏನು ಕೇಳ್ಬೇಕು" ಅಂತ ಕೇಳಿ ಅಂತ. ಓದು ಬರಹ ಬರದ ಅಪ್ಪ ಅಮ್ಮ ಕೂಡ ಇದನ್ನ ಕೇಳ್ಬಹುದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಮಗು ಕಲಿಯದೆ ಇರೋದಕ್ಕೆಲ್ಲಾ ಮೈಂಡ್‌ಸೆಟ್ ಕಾರಣ ಅನ್ನೋ ಕಡೆ ಯಾರೂ ಹೋಗ್ಬೇಡಿ. ಬೋರ್ಡ್ ಕಾಣಿಸದೆ ಪಕ್ಕದವರದ್ದು ನೋಡಿ ಬರೆಯೋ ಮಗುವಿಗೆ ಕನ್ನಡಕ ಬೇಕು. ಬೆಳಗ್ಗೆ ಏನೂ ತಿನ್ನದೆ ಬರೋ ಮಗುವಿಗೆ ಹೊಟ್ಟೆಗೆ ಬೇಕು. ಸುಗ್ಗಿ ಕಾಲದಲ್ಲಿ ತಮ್ಮನನ್ನ ನೋಡ್ಕೊಳ್ಳೋಕೆ ಮನೆಯಲ್ಲಿ ಉಳಿಯೋ ಹುಡುಗಿಗೆ ಬಿಟ್ಟುಹೋದ ಪಾಠ ಮತ್ತೆ ಹೇಳ್ಕೊಡೋರು ಬೇಕು. ಅಕ್ಷರ ಅದಲು ಬದಲಾಗೋದು ಎಷ್ಟು ಕಲಿಸಿದ್ರೂ ಸರಿಹೋಗದ ಮಗುವಿಗೆ ಡಿಸ್ಲೆಕ್ಸಿಯಾ ಇದೆಯಾ ಅಂತ ತಿಳಿದವರ ಹತ್ರ ತೋರಿಸ್ಬೇಕು. ಇವರಿಗೆಲ್ಲಾ ಪ್ರಯತ್ನ ಪಡು ಅಂತ ಪೋಸ್ಟರ್ ತೋರಿಸೋದು ಅನ್ಯಾಯ. ಕೊರೋನಾ ಆದ್ಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಅಂತ ರಾಜ್ಯದಲ್ಲಿ ಇಡೀ ವರ್ಷ ಮಾಡಿದ್ದು ಯಾಕೆ, ಮಕ್ಕಳ ಮನಸ್ಸು ಸರಿ ಇರಲಿಲ್ಲ ಅಂತಲ್ಲ, ಅವರಿಗೆ ಪಾಠ ತಪ್ಪಿಹೋಗಿತ್ತು ಅಂತ.

ಕ್ಲಾಸ್‌ಡೋಜೋ ಆ್ಯಪ್ ಬಗ್ಗೆ ಚಿಕ್ಕದಾಗಿ. ಅದರಲ್ಲಿ ಮಕ್ಕಳ ನಡವಳಿಕೆಗೆ ಪಾಯಿಂಟ್ ಕೊಡೋದು, ಕಳೆಯೋದು, ಅದನ್ನ ಕ್ಲಾಸಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕೋದು ಇದೆ. ಅದು ನಂಗೆ ಬೇಡ. ಒಂದು ಕಡೆ ಎಲ್ಲರೂ ಅವರವರ ವೇಗದಲ್ಲಿ ಬೆಳೀತಾರೆ ಅಂತ ವಿಡಿಯೋ, ಇನ್ನೊಂದು ಕಡೆ ಯಾರಿಗೆ ಎಷ್ಟು ಪಾಯಿಂಟ್ ಅಂತ ಪಟ್ಟಿ, ಎರಡೂ ಒಟ್ಟಿಗೆ ಹೊಂದಲ್ಲ. ವಿಡಿಯೋ ಮಾತ್ರ ತಗೊಳ್ಳಿ, ಪಾಯಿಂಟ್ ಬಿಡಿ. ಹಂಗೇ ಕೆಲವು ಪ್ರೈವೇಟ್ ಸ್ಕೂಲ್‌ಗಳಲ್ಲಿ ಮೈಂಡ್‌ಸೆಟ್ ಪಿರಿಯಡ್ ಅಂತ ಇಟ್ಟು, ಬಣ್ಣದ ವರ್ಕ್‌ಬುಕ್‌ಗೆ ಬೇರೆ ಫೀಸ್ ತಗೊಂಡು, ಅದೇ ನೋಟಿಸ್ ಬೋರ್ಡ್ ಮೇಲೆ ರ‍್ಯಾಂಕ್ ಪಟ್ಟಿ ಅಂಟಿಸಿರ್ತಾರೆ. ಅಂಥ ಕಡೆ ದುಡ್ಡು ಕೊಡೋ ಮುಂಚೆ ಪೋಷಕರು ಒಂದು ಪ್ರಶ್ನೆ ಕೇಳಿ, ನನ್ನ ಮಗು ಟೆಸ್ಟಲ್ಲಿ ತಪ್ಪು ಮಾಡಿದ್ರೆ ಅದನ್ನ ಸರಿ ಮಾಡ್ಕೊಳ್ಳೋಕೆ ನೀವು ಎಷ್ಟು ಸಮಯ ಕೊಡ್ತೀರಿ ಅಂತ. ಅದಕ್ಕೆ ನೆಟ್ಟಗೆ ಉತ್ತರ ಬಂದ್ರೆ ಮುಂದಿನ ಮಾತು.

ಯಾರಿಗೆ ಯಾವುದು ಅಂದ್ರೆ, ನಲಿ-ಕಲಿ ಮಕ್ಕಳಿಗೆ ಇದರ ಅವಸರ ಇಲ್ಲ, ಏಣಿ ಇದೆ, ಅದನ್ನ ನೆಟ್ಟಗೆ ನಡೆಸಿದ್ರೆ ಸಾಕು. ನಾಲ್ಕನೇ ಕ್ಲಾಸ್‌ಗೆ ಜೂನ್ ಜುಲೈನಲ್ಲೇ, ಎಫ್‌ಎ ಒನ್ನಿಗೆ ಮುಂಚೆ, ಒಂದು ಮತ್ತು ಎರಡನೇ ಕಂತು ತೋರಿಸಿ. ಮೂರನೇದನ್ನ ಯಾವಾಗ ಬೇಕಾದ್ರೂ, ಮಕ್ಕಳು ಬೇಗ ಹಿಡ್ಕೋತಾರೆ, "ಇನ್ನೂ ಬಂದಿಲ್ಲ ಮಿಸ್" ಅಂತ ಖೋ ಖೋ ಆಡುವಾಗ್ಲೂ ಅಂತಿರ್ತಾರೆ. ನಾಲ್ಕನೇದು ಐದನೇ ಕ್ಲಾಸ್‌ಗೆ. ಐದನೇ ಕಂತು ಪರವಾಗಿಲ್ಲ, ಟೈಮ್ ಇಲ್ಲದಿದ್ರೆ ಬಿಟ್ರೂ ನಷ್ಟ ಇಲ್ಲ. ಐದನ್ನೂ ಒಂದೇ ದಿನ ಹಾಕ್ಬೇಡಿ, ವಾರಕ್ಕೊಂದು ಸಾಕು, ಮತ್ತೆ ಆ ವಾರ ಪೂರ್ತಿ ಒಂದು ಲೆಕ್ಕ ಅಥವಾ ಒಂದು ಉಕ್ತಲೇಖನ ತಿದ್ದಿ ಮತ್ತೆ ಮಾಡೋಕೆ ಅವಕಾಶ ಕೊಡಿ. ಟೀಚರ್‌ಗಳಿಗೆ ಟ್ರೈನಿಂಗ್ ಕೊಡೋ ಜಿಲ್ಲೆಯ ಡಯಟ್‌ನವರೋ ರಾಜ್ಯದ ಡಿಎಸ್‌ಇಆರ್‌ಟಿಯವರೋ ಯಾರಾದ್ರೂ ಇದೇ ಮಾದರಿಯಲ್ಲಿ ಕನ್ನಡದಲ್ಲೇ, ನಮ್ಮ ಮಕ್ಕಳ ಲೆಕ್ಕ ನಮ್ಮ ಮಕ್ಕಳ ಒತ್ತಕ್ಷರ ಇಟ್ಕೊಂಡು, ಎರಡೆರಡು ನಿಮಿಷದ್ದು ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ. ಮನೆಯಲ್ಲಿ ತೋರಿಸೋ ಪೋಷಕರು ಮಗು ಜೊತೆ ಕೂತೇ ನೋಡಿ, ಮೊಬೈಲ್ ಕೈಗೆ ಕೊಟ್ಟು ಎದ್ದು ಹೋಗ್ಬೇಡಿ. ನೋಡಿ ಆದ್ಮೇಲೆ ಆವತ್ತಿನ ನೋಟ್‌ಬುಕ್ ತೆಗೆಸಿ, ತಪ್ಪಾಗಿರೋ ಒಂದೇ ಒಂದು ಲೆಕ್ಕ ಹೇಗೆ ಮಾಡ್ದೆ ಅಂತ ಬಾಯಲ್ಲಿ ಹೇಳಿಸಿ, ಆಮೇಲೆ ಕಡ್ಡಿನೋ ಕಾಳೋ ಇಟ್ಟು ಅದೊಂದನ್ನೇ ಮತ್ತೆ ಮಾಡಿಸಿ.